ಎಳನೀರು ಮಂಡಿಯಿಂದ ಕೆರೆಕೋಡಿಯ ನಲ್ಲಿಯವರೆಗೆ: ಮಲ್ಲಿಗಮ್ಮನವರು

ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ರಾತ್ರಿ ಹನ್ನೊಂದು ದಾಟಿ, ದೂರದೂರಿನ ಲಾರಿಗಳು ಲೋಡಾಗುವ ಹೊತ್ತಿಗೆ ಒಂದು ಸಣ್ಣ ಸದ್ದು ಕೇಳುತ್ತಿತ್ತು. ಬೆರಳ ಗೆಣ್ಣಿನಿಂದ ಕಾಯನ್ನು ಎರಡು ಸಲ ತಟ್ಟಿ, ಇದು ಬರೀ ನೀರು, ಇದು ಎಳೆ ತಿರುಳಿನ ಗಂಜಿ ಎಂದು ಬೇರೆ ಮಾಡುವ ಸದ್ದು. ದಲ್ಲಾಳಿಗಳೂ ಹಮಾಲಿಗಳೂ ಗಂಡಸರೇ ಆಗಿದ್ದ ಆ ಅಂಗಳದಲ್ಲಿ ಮೂವತ್ತೈದು ವರ್ಷಗಳ ಹಿಂದೆ ಹಾಗೆ ತಟ್ಟುತ್ತಾ ಕುಳಿತವರು ಶ್ರೀಮತಿ ಮಲ್ಲಿಗಮ್ಮನವರು. ನಮ್ಮ ಸೀಮೆಯ ಎಳನೀರು ವ್ಯಾಪಾರದಲ್ಲಿ ಅವರಷ್ಟು ಎತ್ತರಕ್ಕೆ ಏರಿದ ಹೆಂಗಸು ನನಗೆ ತಿಳಿದಂತೆ ಮತ್ತೊಬ್ಬರಿಲ್ಲ. ಮದ್ದೂರು-ಮಳವಳ್ಳಿ ನಡುವಿನ ನಮ್ಮ ಪುಟ್ಟ ಪಟ್ಟಣ ಪಂಚಾಯಿತಿಯಲ್ಲಿ ಅವರಷ್ಟು ಕಾಲ ಜನರ ನಂಬಿಕೆ ಉಳಿಸಿಕೊಂಡವರೂ ಇಲ್ಲ. ಎಪ್ಪತ್ತು ತುಂಬಿದ ಅವರು ಇನ್ನು ಚುನಾವಣೆಗೆ ನಿಲ್ಲುವುದಿಲ್ಲವೆಂದು ತಿಳಿಸಿರುವ ಈ ಸಂದರ್ಭದಲ್ಲಿ, ಅವರ ಕೈಕೆಳಗೆ ಇಂಜಿನಿಯರಾಗಿ ದುಡಿದ ನಾನು ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇನೆ.

ಬದುವಿನ ಮೇಲಿನ ಆರು ತೆಂಗಿನ ಮರಗಳಿಂದ ಶುರುವಾದ ವ್ಯಾಪಾರ ಅವರದು. ಶನಿವಾರಗಳಂದು ಮುತ್ತತ್ತಿಗೆ ಹೋಗುವ ಭಕ್ತರಿಗೆ ಮಳವಳ್ಳಿ ಬಸ್ ನಿಲ್ದಾಣದಲ್ಲಿ ಕಾಯಿ ಕೊಚ್ಚಿ ಕೊಡುತ್ತಿದ್ದವರು, ಹತ್ತು ವರ್ಷಗಳಲ್ಲಿ ಸ್ವಂತ ಮಂಡಿ ಇಟ್ಟರು. ನೀರಿಗಾಗಿ ಬಿಂದಿಗೆ ಹೊತ್ತು ಅಲೆಯುವ ಕೆರೆಕೋಡಿ ವಾರ್ಡಿನ ಹೆಂಗಸರು ಒತ್ತಾಯ ಮಾಡಿದ್ದರಿಂದ ಚುನಾವಣೆಗೆ ನಿಂತರು. ಎದುರಾಳಿ ಪಕ್ಷದ ಮುಖಂಡರಾದ ದೇವರಾಜು ಅವರು ಪ್ರಚಾರದ ನಡುವೆ ಎದುರಾಗಿ, ಮಚ್ಚು ಹಿಡಿಯುವ ಕೈಗೆ ಪೆನ್ನು ಯಾಕೆ ಎಂದು ಹಂಗಿಸಿದರಂತೆ. “ಪೆನ್ನು ನಿನ್ತಾವೇ ಇರ್ಲಿ ಕಣಪ್ಪ, ನೀರು ಬುಡೋ ಕೆಲ್ಸ ನಂಗೆ ಕೊಡು” ಎಂದು ಇವರು ಅಂದದ್ದು ಊರೆಲ್ಲ ಹರಡಿತು. ಗೆದ್ದರು, ಎರಡನೆಯ ಸಲ ಗೆದ್ದಾಗ ಅಧ್ಯಕ್ಷೆಯಾದರು.

ನಾನು ಕೆಲಸಕ್ಕೆ ಸೇರಿದ್ದು ಆ ವರ್ಷವೇ. ಸಂಜೆ ಆರಕ್ಕೆ ಸೇರುವ ಸಭೆಗಳು ಮುಗಿಯುವಷ್ಟರಲ್ಲಿ ಯಲಿಯೂರಿನ ನಮ್ಮ ಮನೆಗೆ ಹೋಗಲು ಬಸ್ಸು ಸಿಗುತ್ತಿರಲಿಲ್ಲ. ನಾನು ಯಾರಲ್ಲೂ ಹೇಳಿಕೊಂಡಿರಲಿಲ್ಲ. ಮೂರನೆಯ ತಿಂಗಳಿಂದ ಸಭೆಗಳು ಬೆಳಿಗ್ಗೆ ಹನ್ನೊಂದಕ್ಕೆ ಬದಲಾದವು. ಸಂಜೆ ಮಂಡಿಯ ಕೆಲಸವಿರುತ್ತದೆ ಎಂಬುದು ಅಧ್ಯಕ್ಷರು ಕೊಟ್ಟ ಕಾರಣ. ನಿಜವಾದ ಕಾರಣ ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು.

ಇನ್ನು ಬರೆಯಬೇಕಾದದ್ದನ್ನು ಬಹಳ ಯೋಚಿಸಿ ಬರೆಯುತ್ತಿದ್ದೇನೆ. ಕೆರೆಕೋಡಿಗೆ ಕಾವೇರಿ ನೀರಿನ ಹೊಸ ಪೈಪು ಎಳೆದಾಗಿತ್ತು. ಉದ್ಘಾಟನೆಗೆ ಎರಡು ದಿನವಿರುವಾಗ, ಒಂದು ಮಧ್ಯಾಹ್ನ, ನೀರು ಬಿಟ್ಟು ನೋಡುವ ಹೊಣೆ ನನ್ನದಾಗಿತ್ತು. ವಾಲ್ವ್‌ಮನ್ ಊಟಕ್ಕೆ ಹೋಗಿದ್ದ. ಒತ್ತಡ ಏರುತ್ತಿರುವುದನ್ನು ಕಂಡು ವಾಲ್ವ್ ಮುಚ್ಚಲು ಹೋದೆ. ನಮ್ಮ ತಂದೆ ನಾಲೆಯ ನೀರಗಂಟಿ. ಅವರ ತೂಬಿನ ಚಕ್ರವನ್ನು ಎಡಕ್ಕೆ ತಿರುಗಿಸಿದರೆ ನೀರು ನಿಲ್ಲುತ್ತದೆ; ಆರು ವರ್ಷದವಳಿದ್ದಾಗಿನಿಂದ ತಿರುಗಿಸಿದ್ದೇನೆ. ಪೈಪಿನ ವಾಲ್ವ್ ಎಡಕ್ಕೆ ತೆರೆಯುತ್ತದೆ, ಬಲಕ್ಕೆ ಮುಚ್ಚುತ್ತದೆ. ಓದಿದ್ದು ನೆನಪಿಗೆ ಬರುವ ಮೊದಲು ಕೈ ಎಡಕ್ಕೆ ತಿರುಗಿಸಿಬಿಟ್ಟಿತ್ತು. ಕೋಡಿಯ ಹತ್ತಿರದ ಜಾಯಿಂಟ್ ಕಿತ್ತು ಬಂದು, ಅರ್ಧ ಬೀದಿ ಕೆಸರಾಯಿತು. ಉದ್ಘಾಟನೆ ನಿಂತಿತು.

ಅಧ್ಯಕ್ಷರು ಬಂದಾಗ ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ನನ್ನ ಪ್ರೊಬೇಷನ್ ಮುಗಿಯಲು ಎರಡು ತಿಂಗಳಿತ್ತು. ಒಂದು ನೋಟಿಸು ಬಂದರೂ ಕೆಲಸ ಹೋಗುತ್ತಿತ್ತು. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಸರಿಗಿಳಿದು, ಒಡೆದ ಜಾಗ ನೋಡಿ, “ಪೈಪು ಸರಿಮಾಡ್ಸು ಮಗ. ಮಿಕ್ಕಿದ್ದು ನಂಗೆ ಬುಡು” ಎಂದರು.

ಪೈಪು ಕಳಪೆ, ಅಧ್ಯಕ್ಷೆ ಕಮಿಷನ್ ತಿಂದಿದ್ದಾರೆ ಎಂದು ದೇವರಾಜು ಅವರು ಅವಿಶ್ವಾಸ ಗೊತ್ತುವಳಿ ತಂದರು. ಹದಿನಾರು ಸದಸ್ಯರಲ್ಲಿ ಹನ್ನೊಂದು ಕೈ ಬೇಕಿತ್ತು. ಹನ್ನೊಂದೂ ದೇವರಾಜು ಅವರ ಬಳಿ ಇದ್ದವು. ನಾವು ಹಗಲೂ ರಾತ್ರಿ ದುಡಿದು, ಸಭೆಯ ದಿನ ಬೆಳಿಗ್ಗೆ ಕೆರೆಕೋಡಿಯ ನಲ್ಲಿಗಳಲ್ಲಿ ನೀರು ಹರಿಸಿದೆವು.

ಸಭೆಯಲ್ಲಿ ನಾನು ಕಡತ ಹಿಡಿದು ಹಿಂದಿನ ಸಾಲಿನಲ್ಲಿದ್ದೆ. ಪೈಪು ಚೆನ್ನಾಗಿದ್ದರೆ ಒಡೆದದ್ದು ಯಾರಿಂದ ಎಂದು ದೇವರಾಜು ಮೂರು ಸಲ ಕೇಳಿದರು. ನನ್ನ ಹೆಸರು ಹೇಳಿದ್ದರೆ ಅಧ್ಯಕ್ಷರ ಮೇಲಿನ ಕಳಂಕ ಆ ಕ್ಷಣವೇ ಕಳೆಯುತ್ತಿತ್ತು. ಅವರು ನನ್ನ ಕಡೆ ನೋಡಲೂ ಇಲ್ಲ. “ಪೈಪಲ್ಲಿ ದೋಸ ಇಲ್ಲ. ತಪ್ಪಾಗಿದ್ದು ನಮ್ ಕಡೇಲಿ. ಅಧ್ಯಕ್ಸೆ ನಾನು, ನಂದೇ ಅನ್ಕಳಿ. ಕೈ ಎತ್ತೋರು ಎತ್ತಿ.”

ಹತ್ತು ಕೈಗಳು ಎದ್ದವು. ದೇವರಾಜು ಅವರದೇ ಪಕ್ಷದ, ಕೆರೆಕೋಡಿಯಲ್ಲೇ ಮನೆಯಿದ್ದ ಮರಿಸಿದ್ದಯ್ಯನವರ ಕೈ ತೊಡೆಯ ಮೇಲೇ ಇತ್ತು. ಎತ್ತು ಎಂದು ಪಕ್ಕದವರು ತಿವಿದರು. “ನಮ್ಮನೇವ್ಳು ಬೆಳಿಗ್ಗೆ ಬಾಗ್ಲಲ್ಲೇ ನೀರು ಇಡ್ದವ್ಳೆ ಕಣ್ಲಾ. ಈಗ ಕೈ ಎತ್ಬುಟ್ಟು ಮನೆಗೆ ಎಂಗ್ಲಾ ಓಗ್ಲಿ?” ಎಂದರು. ಸಭೆ ನಕ್ಕಿತು, ಗೊತ್ತುವಳಿ ಬಿತ್ತು. ಹೊರಗೆ ಕಾದಿದ್ದ ಹೆಂಗಸರು ಮಲ್ಲಿಗಮ್ಮನವರನ್ನು ತಮಟೆಯೊಂದಿಗೆ ಕೆರೆಕೋಡಿಯವರೆಗೂ ಮೆರವಣಿಗೆಯಲ್ಲಿ ಕರೆದೊಯ್ದರು. ಮುಂದಿನ ಚುನಾವಣೆಯಲ್ಲಿ ಅವರ ಎದುರು ಯಾರೂ ನಾಮಪತ್ರ ಹಾಕಲಿಲ್ಲ. ಪಟ್ಟಣದ ಪ್ರತಿ ಮನೆಗೂ ಅವರ ಕಾಲದಲ್ಲೇ ನಲ್ಲಿ ಬಂತು.

ನಾನಿಂದು ಮಂಡ್ಯದಲ್ಲಿ ದೊಡ್ಡ ಹುದ್ದೆಯಲ್ಲಿದ್ದೇನೆ. ಕಮಿಷನ್ನಿನ ಮಾತು ಮಾತ್ರ ಇಂದಿಗೂ ಅಲ್ಲಲ್ಲಿ ಕೇಳುತ್ತದೆ. ಆದ್ದರಿಂದಲೇ, ಅವರನ್ನು ಕೇಳದೆ, ನನ್ನ ತಪ್ಪನ್ನು ನನ್ನ ಕೈಯಿಂದಲೇ ಇಲ್ಲಿ ದಾಖಲಿಸಿದ್ದೇನೆ. ಅಧಿಕಾರ ಬಿಟ್ಟರೂ ಮಂಡಿ ಬಿಡೆನೆಂದಿರುವ ಅವರಿಗೆ ದೇವರು ಗಟ್ಟಿ ಆರೋಗ್ಯ, ತುಂಬು ಆಯಸ್ಸು ಕೊಡಲಿ. ಇನ್ನೂ ಹಲವು ಹೆಣ್ಣುಮಕ್ಕಳು ಅವರ ಪಕ್ಕದಲ್ಲಿ ಕುಳಿತು ವ್ಯಾಪಾರ ಕಲಿಯಲಿ.

ಗೊತ್ತುವಳಿ ಬಿದ್ದ ಸಂಜೆಯ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಕಚೇರಿ ಖಾಲಿಯಾದ ಮೇಲೆ ದೇವರಾಜು ಅವರು ಒಬ್ಬರೇ ಬಂದರು. ಸಿಟ್ಟು ಇಳಿದಿತ್ತು. “ಗೆದ್ದೆ ಬುಡಕ್ಕ. ಈಗಾದ್ರೂ ಏಳು, ಯಾರ್ ಮಾಡಿದ್ದು? ಎಸ್ರು ಕೊಟ್ರೆ, ಕಮಿಸನ್ ಮಾತ ನಾನೇ ಮೈಕಲ್ಲಿ ವಾಪಸ್ ತಕತೀನಿ” ಎಂದರು. ಅವರು ಅದನ್ನು ಮನಸಾರೆ ಹೇಳಿದ್ದರು. ನಾನು ಮೇಜಿನಾಚೆ ಕಡತ ಹಿಡಿದು ನಿಂತಿದ್ದೆ. ಮಲ್ಲಿಗಮ್ಮನವರು ಮನೆಗೆ ಹೊರಡಲು ಎದ್ದರು.

“ವಾಪಸ್ ತಕಬ್ಯಾಡ ಕಣಪ್ಪ, ಇಟ್ಕೊ” ಎಂದರು.

ದೇವರಾಜು ಹೋದ ಮೇಲೆ ಮಲ್ಲಿಗಮ್ಮನವರು ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಾ, ನನ್ನ ಕಡೆ ತಿರುಗದೆ ಅಂದರು: “ನಿನ್ ಎಸ್ರ ನಮ್ಮನೆ ಯಜಮಾನ್ರಿಗೂ ಏಳಾಕಿಲ್ಲ. ನೀನು ಬಸ್ಸಿಗೆ ನಡಿ.”