ಕಿವಿಗೆ ಸಿಕ್ಕಿದ ಬೆಂಜೀನ್

ಪಿಯುಸಿ ಮುಗಿಯುವಷ್ಟರಲ್ಲಿ ನನ್ನ ಕಣ್ಣು ಪೂರ್ತಿ ಹೋಗಿತ್ತು. ಓದು ಬಿಡಲಿಲ್ಲ, ಇಷ್ಟದ ಕೆಮಿಸ್ಟ್ರಿಯನ್ನು ಮಾತ್ರ ಬಿಡಬೇಕಾಯಿತು. ಪಾಠವನ್ನೆಲ್ಲ ಫೋನು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಅಣುವಿನ ಚಿತ್ರ ಬಂದರೆ ಸಾಕು, 'ಇಮೇಜ್' ಅಂದು ಮುಂದಕ್ಕೆ ಹಾರುತ್ತಿತ್ತು. ಮಾಗಡಿಯ ಕಾಲೇಜಿನಲ್ಲಿ ಇತಿಹಾಸ ತಗೊಂಡೆ.

ಆ ವರ್ಷವೇ ಅಣ್ಣನ ಮದುವೆಯಾಗಿ ಅತ್ತಿಗೆ ಬಂದರು. ಬಿಡದಿಯ ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಅವರಿಗೆ ಕೆಲಸ. ಒಂದು ಭಾನುವಾರ ಅವರೆಕಾಯಿ ಸುಲಿಯುತ್ತಾ ನನ್ನ ಸಂಕಟ ಹೇಳಿಕೊಂಡೆ.

"ಅಯ್ಯೋ, ಚಿತ್ರ ಇಲ್ದೇನೂ ಅಣು ಬರೀಬೌದು ಕಣೇ! ಲ್ಯಾಬಿನ ಕಂಪ್ಯೂಟರ್‌ನಾಗೆ ಹಂಗೇ ಬರೀತೀವಿ. ಒಂದೇ ಸಾಲು, ಬರೀ ಅಕ್ಷರ" ಎಂದು ನನಗೊಂದು ಮೆಸೇಜ್ ಕಳಿಸಿದರು.

ಫೋನು ಓದಿತು: "ಸಿ, ಸಿ, ಓ."

"ಎರಡು ಕಾರ್ಬನ್, ತುದೀಲಿ ಆಕ್ಸಿಜನ್. ಹೈಡ್ರೋಜನ್ ಎಲ್ಲಿ ಅತ್ತಿಗೆ?"

"ಅದನ್ನ ಬರೆಯಲ್ಲ. ಕೈ ಖಾಲಿ ಇರೋ ಕಡೆಯೆಲ್ಲಾ ಐತೆ ಅಂದ್ಕೋಬೇಕು."

"ಹಂಗಾದ್ರೆ ಇದು ಆಲ್ಕೋಹಾಲು!" ಎಂದು ಕೂಗಿಬಿಟ್ಟೆ.

ಅಡುಗೆಮನೆಯಿಂದ ಅಮ್ಮ, "ಯಾರೇ ಕುಡ್ದಿದ್ದು?" ಅಂದರು. ನಮಗೆ ನಗು ತಡೆಯಲಾಗಲಿಲ್ಲ.

ಉಂಗುರದಂಥ ಬೆಂಜೀನನ್ನು ಒಂದೇ ಸಾಲಿನಲ್ಲಿ ಬರೆಯುವುದು ಹೇಗೆ? ಮೊದಲ ಕಾರ್ಬನ್ ಪಕ್ಕ ಒಂದು ಎಂಬ ಅಂಕಿ, ಕೊನೆಯದರ ಪಕ್ಕವೂ ಅದೇ ಅಂಕಿ. ಒಂದೇ ಅಂಕಿಯವು ಕೈ ಹಿಡಿದುಕೊಳ್ಳುತ್ತವೆ ಎಂದರು ಅತ್ತಿಗೆ. ಅಂಥ ಉಂಗುರದ ಕಾರ್ಬನ್ನಿಗೆ ಸಣ್ಣಕ್ಷರ, ಕವಲೊಡೆದರೆ ಆವರಣ ಚಿಹ್ನೆ. ದೊಡ್ಡಕ್ಷರ ಬಂದಾಗ 'ಕ್ಯಾಪ್' ಅನ್ನುವಂತೆ ಫೋನಿಗೆ ಹೇಳಿಕೊಟ್ಟೆ. ಬೆಂಜೀನನ್ನು ಮತ್ತೆ ಮತ್ತೆ ಓದಿಸಿದೆ. ಸಾಲು ಬಾಗಿ ಬಾಗಿ ಬಂದು ತನ್ನ ತಲೆಯನ್ನೇ ಮುಟ್ಟಿತು.

ಅಷ್ಟಕ್ಕೆ ನಿಲ್ಲಲು ಮನಸ್ಸಾಗಲಿಲ್ಲ. ಅತ್ತಿಗೆಯ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು, ಪಿಯುಸಿಯಲ್ಲಿ ಕಲಿತಿದ್ದ ಆಸ್ಪಿರಿನ್ ನೆನಪು ಮಾಡಿಕೊಂಡೆ. ತಡವರಿಸುತ್ತಾ, ಅಳಿಸುತ್ತಾ ಸಾಲನ್ನು ಚಿತ್ರವಾಗಿ ತೋರಿಸುವ ಅವರ ಲ್ಯಾಬಿನ ಪ್ರೋಗ್ರಾಮಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದೆ.

ಅತ್ತಿಗೆ ನನ್ನ ಭುಜ ಹಿಡಿದು ಅಲ್ಲಾಡಿಸಿದರು. "ಬಂದ್ಬುಡ್ತು ಕಣೇ! ಚಿತ್ರ ಬಂದ್ಬುಡ್ತು! ಉಂಗುರ, ಎರಡು ಕೊಂಬೆ, ಎಲ್ಲಾ ಸರಿಯಾಗೈತೆ!"

ನಾನು ಅಣು ಬರೆದಿದ್ದೆ, ಕಣ್ಣಿದ್ದವರು ಅದನ್ನು ನೋಡುತ್ತಿದ್ದರು. ಅಳು ಬಂತು, ಕುಣಿಯಬೇಕು ಅಂತಲೂ ಅನ್ನಿಸಿತು.

ಮುಂದಿನ ವರ್ಷ ಅತ್ತಿಗೆಯ ಜೊತೆ ರಾಮನಗರದ ಕಾಲೇಜೊಂದಕ್ಕೆ ಹೋಗಿ ಕೆಮಿಸ್ಟ್ರಿ ಸೀಟು ಕೇಳಿದೆ. ಕಣ್ಣಿಲ್ಲದೆ ಹೇಗೆ ಕಲಿತಾಳೆಂದು ಅಲ್ಲಿಯ ಕೆಮಿಸ್ಟ್ರಿ ಮೇಷ್ಟ್ರಿಗೆ ಅನುಮಾನ. ಸಾಲಿನಲ್ಲಿ ಅಣು ಬರೆಯುವ ವಿಷಯ ತಿಳಿಸಿದೆ. ಪರೀಕ್ಷಿಸಲೆಂದು ಅವರು ಓದಿ ಹೇಳಿದ ಸಾಲು ಕೇಳಿ, "ಇದು ವೆನಿಲ್ಲಾ ಐಸ್‌ಕ್ರೀಮಿನ ಪರಿಮಳ ಸಾರ್" ಅಂದೆ. ಮೇಷ್ಟ್ರು, "ಪ್ರಶ್ನೆಪತ್ರಿಕೆಯ ಚಿತ್ರಗಳನ್ನ ನಾನೇ ಸಾಲು ಮಾಡಿ ಕೊಡ್ತೀನಮ್ಮ" ಅಂದರು.

ವಾಪಸು ಬರುವಾಗ ಮಾಗಡಿ ಬಸ್ಸಿನಲ್ಲಿ ಖುಷಿಗೆ ನನ್ನದೂ ಅತ್ತಿಗೆಯದೂ ಒಂದೇ ಸಮನೆ ಮಾತು, ಗಲಾಟೆ. "ಒಸಿ ಟಿಕೇಟ್ ತಗೊಂಡು ಆಮ್ಯಾಕೆ ಮಾತಾಡ್ರಮ್ಮ" ಅಂದ ಕಂಡಕ್ಟರು.