ಮುಂದಿನ ಚಕ್ರವೂ ಎಳೆಯಿತೇ?

“ಗುಜರಿ ನೋಡೋಕೆ ಬರ್ತೀರಾ?” ಎಂದು ಭಾನುವಾರ ಬೆಳಿಗ್ಗೆ ಯಾರಾದರೂ ಕರೆದರೆ ನೀವೇನು ಹೇಳುತ್ತೀರಿ? ನಾನಂತೂ ಚಪ್ಪಲಿ ಮೆಟ್ಟಿಕೊಂಡೆ. ಕರೆದವರು ಸುಮಿತ್ರಕ್ಕ!

ದೆಹಲಿಯ ದ್ವಾರಕಾದ ನಮ್ಮ ಸೊಸೈಟಿಯಲ್ಲಿ ಕೆಳಗಿನ ಫ್ಲ್ಯಾಟಿನವರು. ತುಮಕೂರು ಕಡೆಯವರು. ಕೇಂದ್ರ ಸರ್ಕಾರದ ಆಫೀಸೊಂದರಲ್ಲಿ ಯಂತ್ರಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿ ನಿವೃತ್ತರಾದವರು. (ಹೆಂಗಸಾದರೂ ಹುದ್ದೆ ಕೊನೆಯವರೆಗೂ ‘ಮನ್’ ಆಗಿಯೇ ಉಳಿಯಿತು.)

ಹಳೆಯ ಸಹೋದ್ಯೋಗಿಯೊಬ್ಬರು ಅವರಿಗೆ ಫೋಟೊ ಕಳಿಸಿದ್ದರು. ಮುಂಡ್ಕಾದ ಗುಜರಿ ಅಂಗಳದಲ್ಲಿ ಹಳೇ ಬ್ರಿಟಿಷ್ ಮಾದರಿಯ ಒಂದು ಲೋಡರ್. ಮುಂದೆ ದೊಡ್ಡ ಬಕೆಟ್ ಹೊತ್ತು, ಮಣ್ಣು ಬಾಚಿ ಲಾರಿಗೆ ತುಂಬುವ ಯಂತ್ರ. ಮರುದಿನ ಸೋಮವಾರ ಗ್ಯಾಸ್ ಕಟರಿನಲ್ಲಿ ಅದನ್ನು ತುಂಡು ಮಾಡುವವರಿದ್ದರು.

“ಇದಕ್ಕೆ ಫೋರ್ ವೀಲ್ ಡ್ರೈವ್ ಡ್ರಾಯಿಂಗ್ ಹಾಕಿದ್ದು ನಾನು,” ಎಂದರು ಟ್ಯಾಕ್ಸಿಯಲ್ಲಿ ಹೋಗುವಾಗ. “ಓಡಿದ್ದು ಮಾತ್ರ ನೋಡಿಲ್ಲ. ಸೈಟಿಗೆ ಹೆಂಗಸರು ಯಾಕೆ ಅಂದ್ಬಿಟ್ರು ಸಾಹೇಬರು.”

ಇಂಗ್ಲೆಂಡಿನಿಂದ ಬಂದಾಗ ಅದರ ಹಿಂದಿನ ಚಕ್ರಗಳಿಗಷ್ಟೇ ಎಂಜಿನ್ನಿನ ಬಲ. ಬಕೆಟ್ ತುಂಬಿತೋ, ಭಾರವೆಲ್ಲ ಮುಂದಕ್ಕೆ. ಹಿಂಚಕ್ರ ಹಗುರಾಗಿ ಕೆಸರಲ್ಲಿ ಸುಮ್ಮನೆ ಗಿರಗಿರ. ಹಾಗಾಗಿ ಆಫೀಸಿನವರು ಮಿಲಿಟರಿಯವರು ಮಾರಿದ ಲಾರಿಯೊಂದರ ಆಕ್ಸಲ್, ಅಂದರೆ ಚಕ್ರಕ್ಕೆ ಎಂಜಿನ್ ಬಲ ಮುಟ್ಟಿಸುವ ಅಚ್ಚು, ತಂದು ಮುಂದೆ ಕೂಡಿಸಿದರಂತೆ.

“ಬೋಲ್ಟ್ ಬಿಗಿದರೆ ಆಯ್ತಲ್ಲ?” ಎಂದೆ.

“ಹಿಂದಿನ ಚಕ್ರ ದೊಡ್ಡದು, ಮುಂದಿನದು ಚಿಕ್ಕದು. ಅದು ಒಂದು ಸುತ್ತು ಹೋದಾಗ ಇದು ಎಷ್ಟು ಸುತ್ತಬೇಕು ಹೇಳಿ? ಲೆಕ್ಕ ತಪ್ಪಿದ್ರೆ ಎರಡೂ ಜಗ್ಗಾಡಿ ಗೇರ್ ಮುರೀತದೆ.” (ಸಂಸಾರದ ಮಾತಲ್ಲ, ಯಂತ್ರದ್ದೇ.)

ಆ ಲೆಕ್ಕ ಸುಮಿತ್ರಕ್ಕನದು. ಸಹಿ ಸಾಹೇಬರದು.

ಅಂಗಳದ ಮಾಲೀಕ ಹರಬಂಸ್ ಸಿಂಗ್, ಅರವತ್ತು ದಾಟಿದ ಸರ್ದಾರ್ಜಿ. “ಎಂಜಿನ್ ಚಾಲೂ ಹೈ ಜೀ. ಮುಂದಿನ ಚಕ್ರದ್ದು ಪತಾ ನಹೀಂ. ಅದನ್ನ ಎಂಜಿನ್ನಿಗೆ ಜೋಡಿಸೋ ಲಿವರ್ ಯಾರೂ ಮುಟ್ಟಿಲ್ಲ.”

“ಭಯ್ಯಾ, ಏಕ್ ಬಾರ್ ಲಗಾಕೇ ದೇಖೇಂ?” ಒಂದು ಸಲ ಹಾಕಿ ನೋಡೋಣವೇ ಎನ್ನುವಾಗ ಸುಮಿತ್ರಕ್ಕನ ಧ್ವನಿ ಸಣ್ಣದಾಗಿತ್ತು.

ಸರ್ದಾರ್ಜಿ ಅವರ ಮುಖವನ್ನೊಮ್ಮೆ ನೋಡಿ ಸೀಟು ಹತ್ತಿದರು. ಬಕೆಟ್ ತುಂಬ ಒದ್ದೆ ಮಣ್ಣು ತುಂಬಿ, ಬೇಕೆಂದೇ ಕೆಸರಿಗೆ ಇಳಿಸಿದರು. ಹಿಂಚಕ್ರ ಗಿರ್ರೆಂದಿತು. ನನ್ನ ಅಂಗಿ ಹಾಳು. ಲೋಡರ್ ಒಂದಿಂಚು ಕದಲಲಿಲ್ಲ.

ಲಿವರ್ ತುಕ್ಕು ಹಿಡಿದಿತ್ತು. ಸುತ್ತಿಗೆಯಲ್ಲಿ ಒಂದು ಏಟು, ಎರಡು ಏಟು. ಒಳಗೆಲ್ಲೋ ಟಣ್ ಎಂದಿತು. ಮುರಿಯಿತೇ? ಸುಮಿತ್ರಕ್ಕ ನನ್ನ ತೋಳು ಹಿಡಿದುಕೊಂಡರು.

ಮುಂಚಕ್ರ ಮೆಲ್ಲಗೆ ಕೆಸರನ್ನು ಕಚ್ಚಿತು. ಇಡೀ ಯಂತ್ರ ಗೊಣಗುತ್ತಾ, ಭಾರ ಹೊತ್ತುಕೊಂಡೇ ಮೇಲೆ ಬಂತು.

ಸುಮಿತ್ರಕ್ಕ ಸೀರೆಯ ಅಂಚು ಕೆಸರಾಗುವುದನ್ನೂ ಲೆಕ್ಕಿಸದೆ ಕುಕ್ಕರುಗಾಲಲ್ಲಿ ಕೂತು ಚಕ್ರಗಳನ್ನೇ ನೋಡುತ್ತಿದ್ದರು. “ನೋಡಿ, ಒಂದೂ ಜಾರ್ತಿಲ್ಲ. ಒಂದೂ.”

“ವಾಹ್! ಕಿಸ್ನೆ ಬನಾಯಾ?” ಯಾರು ಮಾಡಿದ್ದು ಎಂದರು ಸರ್ದಾರ್ಜಿ.

“ಮೈಂನೇ.”

ಬಹುಶಃ ‘ನಾನೇ’ ಎಂಬ ಆ ಮಾತನ್ನು ಅವರು ಜೋರಾಗಿ ಹೇಳಿದ್ದು ಅದೇ ಮೊದಲು.

ಸೋಮವಾರ ಲೋಡರನ್ನು ಕತ್ತರಿಸಿಯೇಬಿಟ್ಟರು. ಬೇಜಾರಾಯಿತೇ ಎಂದು ಕೇಳಿದೆ. “ಕಬ್ಬಿಣ ತಾನೇ, ಹೋಗ್ಲಿ ಬಿಡಿ. ನಂಗೆ ಗೊತ್ತಾಗಬೇಕಿತ್ತು, ಗೊತ್ತಾಯ್ತು,” ಎಂದು ಕಾಫಿ ಸೋಸಲು ಒಳಗೆ ಹೋದರು.

ನಿವೃತ್ತಿಯ ದಿನ ಶಾಲು ಹೊದಿಸಿ ಗೋಡೆ ಗಡಿಯಾರ ಕೊಡುತ್ತೇವಲ್ಲ, ಅದರ ಬದಲು ನಿವೃತ್ತರನ್ನು ಒಂದು ಸಲ ಕರೆದೊಯ್ದು ಅವರು ಮಾಡಿದ ಕೆಲಸವನ್ನೇ ತೋರಿಸಲು ನಮಗೇನು ಕಷ್ಟ?