ಬೆಲ್ಟಿನ ತೂತು ಮತ್ತು ಕಚ್ಚಿದ ಹೋಳಿಗೆ

ಬೆಲ್ಟಿನ ತೂತುಗಳಷ್ಟು ನಿಷ್ಪಕ್ಷಪಾತವಾಗಿ ಮನುಷ್ಯನ ಚರಿತ್ರೆಯನ್ನು ಬರೆದಿಡುವ ದಾಖಲೆ ಇನ್ನೊಂದಿಲ್ಲ ಎಂಬ ಸತ್ಯ ನನಗೆ ಹೊಳೆದದ್ದು ಕೂಡ್ಲಿಗಿಯ ಬಸ್ ನಿಲ್ದಾಣದಲ್ಲಿ, ಹಗರಿಬೊಮ್ಮನಹಳ್ಳಿಯ ಬಸ್ಸಿಗೆ ಕಾಯುತ್ತ ನಿಂತಿದ್ದಾಗ. ಇಪ್ಪತ್ತು ವರ್ಷ ಕಚೇರಿಯ ಕುರ್ಚಿಯನ್ನು ನಿಷ್ಠೆಯಿಂದ ಸವೆಸಿ ಸಂಪಾದಿಸಿದ ನನ್ನ ಉದರವೈಭವ ಒಂದೊಂದೇ ತೂತನ್ನು ದಾಟುತ್ತ ಕೊನೆಯದಕ್ಕೆ ಬಂದು ನಿಂತಿತ್ತು. ಈಗ, ಒಂದು ತಿಂಗಳ ಕಠೋರ ಪಥ್ಯದ ಫಲವಾಗಿ, ಅದು ಒಂದು ತೂತು ಹಿಂದೆ ಸರಿದಿತ್ತು. ಸುತ್ತ ನಿಂತ ಯಾರೂ ಅದನ್ನು ಗಮನಿಸಲಿಲ್ಲ ಎಂಬುದೊಂದೇ ಕೊರಗು.

ಪಥ್ಯಕ್ಕೆ ಕಾರಣ ರಕ್ತದಲ್ಲಿ ಸೇರಿಕೊಂಡ ಸಕ್ಕರೆ. ಇಷ್ಟು ವರ್ಷ ಬಾಯಿಗೆ ಸಿಹಿಯಾಗಿದ್ದದ್ದು ಒಳಗೆ ಹೋಗಿ ಠಿಕಾಣಿ ಹೂಡಿದೆ ಎಂದು ಡಾಕ್ಟರು ಹೇಳಿದ ದಿನದಿಂದ ನನ್ನವಳು ಬೆಲ್ಲದ ಡಬ್ಬಿಯನ್ನು ಅಟ್ಟಕ್ಕೇರಿಸಿ ಏಣಿಯನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟಳು. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ದಸರೆ ಮುಗಿದು ಶೀಗಿ ಹುಣ್ಣಿಮೆ ಬಂತು, ಅಕ್ಕನ ಫೋನೂ ಬಂತು. ಕೋಗಳಿಯ ಕಡೆಗೆ ಕೊಟ್ಟ ನನ್ನ ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಅವ್ವ ಬೇಗ ತೀರಿಕೊಂಡದ್ದರಿಂದ ನನಗೆ ಉಣ್ಣುವುದನ್ನು ಕಲಿಸಿದವಳೇ ಅವಳು. ಆ ವಿದ್ಯೆಯಲ್ಲಿ ನಾನು ಎಷ್ಟು ಮುಂದುವರಿದೆ ಎಂಬುದಕ್ಕೆ ಮೇಲೆ ಹೇಳಿದ ಬೆಲ್ಟೇ ಸಾಕ್ಷಿ. ನನಗೆ ಸಕ್ಕರೆ ಕಾಯಿಲೆ ಎಂದು ತಿಳಿದರೆ ಅವಳು ತಾನು ಬಡಿಸಿದ ಹೋಳಿಗೆಗಳೇ ಅದಕ್ಕೆ ಕಾರಣವೆಂದು ಜೀವಮಾನವಿಡೀ ಕೊರಗುತ್ತಾಳೆ. ಏನೇ ಆದರೂ ಅವಳಿಗೆ ಹೇಳಬಾರದು ಎಂದು ನಿರ್ಧರಿಸಿ ಬಸ್ಸು ಹತ್ತಿದೆ.

ಶೀಗಿ ಹುಣ್ಣಿಮೆಗೆ ನಮ್ಮಲ್ಲಿ ಹೊಲವೇ ಬಸುರಿ. ತೆನೆ ಕಟ್ಟುತ್ತಿರುವ ಭೂಮಿತಾಯಿಯ ಬಯಕೆ ತೀರಿಸಲು ಬಗೆಬಗೆಯ ಅಡುಗೆ ಹೊತ್ತು ಹೊಲಕ್ಕೆ ಹೋಗುತ್ತೇವೆ. ಐದು ಕಲ್ಲಿಟ್ಟು ಪೂಜೆ ಮಾಡಿ, ಎಲ್ಲ ಅಡುಗೆಯನ್ನೂ ಚೂರುಚೂರು ಕಲಸಿದ ಚರಗವನ್ನು ಒಬ್ಬರು ಬೆಳೆಯೊಳಗೆ ಚೆಲ್ಲುತ್ತ ನಡೆದರೆ, ಹಿಂದೆ ಒಬ್ಬರು ನೀರು ಚಿಮುಕಿಸುತ್ತ ಬರಬೇಕು. ಭೂಮಿ ಉಂಡ ಮೇಲೆಯೇ ನಮ್ಮ ಊಟ. ವರ್ಷವೂ ಚರಗದ ಬುಟ್ಟಿ ನನ್ನದು, ನೀರಿನ ಚೆಂಬು ಅಕ್ಕನದು.

ಈ ಪದ್ಧತಿಯಲ್ಲಿ ನನ್ನ ಪಥ್ಯಕ್ಕೊಂದು ಅಡಗುದಾಣ ಕಂಡಿತು. ಶೇಂಗಾ ಹೋಳಿಗೆ, ಎಳ್ಳಿನ ಹೋಳಿಗೆ, ಕಡುಬು ಎಲ್ಲವನ್ನೂ ಆದಷ್ಟು ಭೂಮಿತಾಯಿಗೇ ದಾಟಿಸಿಬಿಟ್ಟರೆ ನನ್ನ ಎಲೆಗೆ ಬೀಳುವುದು ಅಷ್ಟು ಕಡಿಮೆ. ಬುಟ್ಟಿಗೆ ಇಡಿ ಇಡಿ ಹೋಳಿಗೆ ಜೋಡಿಸುತ್ತಿದ್ದ ನನ್ನನ್ನು ಭಾವ ಅನುಮಾನದಿಂದ ನೋಡಿದರು.

"ಏನ್ರಿ, ಈ ಸಲ ಭಾಳ ಭಕ್ತಿ ಬಂದೈತಿ?"

"ಬಸುರಿಗಿ ಕೈ ಹಿಡಿದು ನೀಡಬಾರ್ದು ಭಾವಾ," ಎಂದೆ, ಮಹಾದಾನಿಯ ಗತ್ತಿನಲ್ಲಿ.

"ಹುಲಿಗೋ, ಹುಲಿಗೋ" ಎಂದು ಚರಗದ ಕೂಗು ಹಾಕುತ್ತ ಆಳೆತ್ತರದ ಜೋಳದೊಳಗೆ ನುಗ್ಗಿದೆ. ಮೊದಲ ಸಾಲು ಮುಗಿಯುವವರೆಗೆ ನನ್ನ ವೈರಾಗ್ಯ ಅಚಲವಾಗಿತ್ತು. ಆದರೆ ಹುರಿದ ಶೇಂಗಾ, ಏಲಕ್ಕಿ, ಬೆಲ್ಲ ಮೂರೂ ಕೂಡಿದ ಆ ಪರಿಮಳ, ಓದುಗ ಮಿತ್ರರೇ, ತಿಂಗಳಿಡೀ ನವಣೆ ಗಂಜಿ ಕುಡಿದವನ ಮೂಗಿನ ಕೆಳಗೆ ಒಂದು ಎಕರೆ ದೂರ ಜೊತೆಗೇ ಬರುತ್ತಿದ್ದರೆ ನೀವಾದರೂ ಏನು ಮಾಡುತ್ತಿದ್ದಿರಿ? ಜೋಳದ ಮರೆಯಲ್ಲಿ ಒಂದು ಹೋಳಿಗೆಯನ್ನು ಕಚ್ಚಿಯೇಬಿಟ್ಟೆ. ನಾಲಿಗೆಗೆ ಸ್ವರ್ಗ ತಾಗಿದ ಮರುಕ್ಷಣ ಡಾಕ್ಟರ ಮುಖ ಎದುರಿಗೆ ಬಂತು. ಗಾಬರಿಯಲ್ಲಿ ಉಳಿದರ್ಧವನ್ನು "ಹುಲಿಗೋ" ಎಂದು ದೂರ ಎಸೆದೆ. ಹಿಂದೆ ನೀರು ಚಿಮುಕಿಸುತ್ತ ಬರುವವಳಿಗೆ ಕಣ್ಣಿರುತ್ತದೆ ಎಂಬುದು ಮಾತ್ರ ಮರೆತುಹೋಗಿತ್ತು.

"ಲೇ ತಮ್ಮಾ, ನಿಲ್ಲು."

ತಿರುಗಿ ನೋಡಿದರೆ ಅಕ್ಕನ ಕೈಯಲ್ಲಿ ಆ ಅರ್ಧ ಹೋಳಿಗೆ. ನನ್ನ ಹಲ್ಲಿನ ಗುರುತು ಅರ್ಜಿಯ ಕೆಳಗಿನ ಸಹಿಯಂತೆ ಸ್ಪಷ್ಟವಾಗಿತ್ತು.

"ಭೂಮ್ತಾಯಿಗಿ ಎಂಜಲ ಉಣಿಸ್ತಿಯೇನಲೇ? ಹಸಿವಾಗಿದ್ರ ಕೇಳಿದ್ರ ನಾ ಕೊಡ್ತಿದ್ದಿಲ್ಲೇನು? ತಿನ್ನೋದಾದ್ರ ಪೂರ್ತಿ ತಿನ್ನು, ಅರ್ಧ ಯಾಕ ಒಗದಿ?"

ಅವಳ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ತಾನು ಮಾಡಿದ್ದು ಈಗ ತಮ್ಮನ ಬಾಯಿಗೆ ರುಚಿಸದಾಯಿತು ಎಂದುಕೊಂಡಳೆಂದು ತಿಳಿದಾಗ ನನ್ನ ನಿರ್ಧಾರ ಅಲ್ಲಿಯೇ ಕುಸಿಯಿತು. ಸಕ್ಕರೆ, ಡಾಕ್ಟರು, ಅಟ್ಟ, ಏಣಿ ಎಲ್ಲವನ್ನೂ ಒದರಿಬಿಟ್ಟೆ. ಅವಳು ಅಳುತ್ತಾಳೆಂದು ಕಾದೆ. ಅಕ್ಕ ಚೆಂಬನ್ನು ಕೆಳಗಿಟ್ಟು ಬದುವಿನ ಮೇಲೆ ಕುಳಿತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು.

"ನನಗ ಎರಡು ವರ್ಷ ಆತು ಅದು ಬಂದು. ನಿನಗ ಹೇಳಿದ್ರ, ಮಾಡಬ್ಯಾಡ ಅಂತಿದ್ದಿ. ಹಬ್ಬಕ್ಕ ಬರೋದೂ ಬಿಡ್ತಿದ್ದಿ."

ಎರಡು ವರ್ಷಗಳಿಂದ ನನ್ನ ಎಲೆಗೆ ಹೋಳಿಗೆಯ ಮೇಲೆ ಹೋಳಿಗೆ ಹಾಕಿ, "ನನಗ ಇವತ್ತು ಒಪ್ಪತ್ತು" ಎಂದು ಅಕ್ಕ ತಾನು ಬರೀ ಮಜ್ಜಿಗೆ ಕುಡಿಯುತ್ತಿದ್ದದ್ದು ಆಗ ನೆನಪಾಯಿತು. ಅವಳ ದೈವಭಕ್ತಿಯನ್ನು ಮನಸ್ಸಿನಲ್ಲೇ ಕೊಂಡಾಡುತ್ತ ನಾನು ನಾಲ್ಕನೆಯದಕ್ಕೆ ತುಪ್ಪ ಹಾಕಿಸಿಕೊಂಡಿದ್ದೆ. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಎಂಜಲಾದ ಚರಗ ಚರಗವಲ್ಲ. ಆ ಬುಟ್ಟಿಯನ್ನು ಬದುವಿನ ಆಚೆ ಮೇಯುತ್ತಿದ್ದ ಭಾವನ ಕುರಿಗಳ ಮುಂದೆ ಸುರಿದೆವು. ಯಾವ ಪಥ್ಯವೂ ಇಲ್ಲದ ಅವು ಚಣದಲ್ಲಿ ನೆಲ ನೆಕ್ಕಿದವು. ಬುತ್ತಿಯ ಗಂಟಿನಲ್ಲಿ ಮುಟ್ಟದೆ ಉಳಿದಿದ್ದ ಅಡುಗೆಯಲ್ಲಿ ಬಹುಪಾಲನ್ನು ಬುಟ್ಟಿಗೆ ಹಾಕಿ, ಮೊದಲ ಸಾಲಿನಿಂದ ಮತ್ತೆ ಶುರುಮಾಡಿದೆವು. ಈ ಸಲ ಅಕ್ಕ ಚೆಂಬನ್ನು ನನಗೆ ಕೊಟ್ಟು ಬುಟ್ಟಿ ತಾನು ತೆಗೆದುಕೊಂಡಳು. ನನ್ನ ಮೇಲಿನ ವಿಶ್ವಾಸ ಅಷ್ಟಕ್ಕೇ ನಿಂತಿತ್ತು. ಅವಳು ಕೈಯೆತ್ತಿ ಬೀಸಿದಾಗಲೆಲ್ಲ, ಒಂದು ಕಾಲಕ್ಕೆ ಮಣಿಕಟ್ಟಿನಲ್ಲಿ ಬಿಗಿಯಾಗಿ ಕೂರುತ್ತಿದ್ದ ಹಸಿರು ಬಳೆಗಳು ಗಲಗಲನೆ ಮೊಣಕೈವರೆಗೆ ಜಾರುತ್ತಿದ್ದವು. ಹಿಂದೆ ನಡೆಯುವವರಿಗೆ ಏನೇನು ಕಾಣುತ್ತದೆ ಎಂಬುದು ನನಗೆ ಅಂದು ಗೊತ್ತಾಯಿತು.

ಊಟಕ್ಕೆ ಕೂತಾಗ ಗಂಟಿನಲ್ಲಿ ಒಂದೇ ಒಂದು ಹೋಳಿಗೆ ಉಳಿದಿತ್ತು. ಭಾವ ಕೈ ಚಾಚುವ ಮೊದಲೇ ಅಕ್ಕ ಅದನ್ನು ಸರಿಯಾಗಿ ನಡುವೆ ಮುರಿದು ಅರ್ಧ ನನ್ನ ಕೈಗಿಟ್ಟಳು. "ಒಗದ್ರ ನೋಡು ಮತ್ತ," ಎಂದಳು.

ಮರಳುವ ಬಸ್ಸಿನಲ್ಲಿ ಕೈ ಅಭ್ಯಾಸಬಲದಿಂದ ಬೆಲ್ಟಿನ ಮೇಲೆ ಹೋಯಿತು. ಅದೇ ತೂತಿನಲ್ಲಿಯೇ ಇತ್ತು. ಅರ್ಧ ತೂತು ಕರಗಿದರೂ ಹೇಳಿಬಿಡುವ ಬೆಲ್ಟು ನನ್ನದು. ಅಕ್ಕ ಉಡುವುದು ಸೀರೆ, ಅದಕ್ಕೆ ತೂತುಗಳಿಲ್ಲ. ಮೈ ಕರಗಿದಷ್ಟೂ ಅವಳು ನೆರಿಗೆಗಳನ್ನು ಹೆಚ್ಚಿಸುತ್ತ ಹೋಗಿದ್ದಳು. ನನಗೆ ಪ್ರತಿ ಹಬ್ಬಕ್ಕೂ ಕಂಡದ್ದು ಆ ನೆರಿಗೆಗಳ ಚೆಂದ ಮಾತ್ರ.